ಹಾಲಿನವರ ಹ್ಯಾಂಡಲ್

ಶಿವಯೋಗೀಶನ ಬಲಗೈಯ ಕಡೆಯ ಎರಡು ಬೆರಳು ಜೋಮು ಹಿಡಿಯುತ್ತಿವೆ ಎಂಬ ಸಂಗತಿ ಇಡೀ ಹುಬ್ಬಳ್ಳಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಶಿವಯೋಗೀಶ, ಇನ್ನೊಬ್ಬ ಆ ಶಿವ. ಮೂರನೆಯವರ ಕಿವಿಗೆ ಬಿದ್ದರೆ ಅವನ ಕಥೆ ಅಲ್ಲಿಗೇ ಖತಂ. ಬೇರೆಯವರ ಬೆರಳು ಜೋಮು ಹಿಡಿದರೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಸುಮ್ಮನಾಗಬಹುದು. ಎತ್ತಿನ ಸಂತೆಯ ದಲ್ಲಾಳಿಯ ಬೆರಳು ಜೋಮು ಹಿಡಿಯುವುದೆಂದರೆ ಹಾಡುವವನ ಗಂಟಲು ಹೋದ ಹಾಗೆ.

ಯಾಕೆಂದರೆ ಶನಿವಾರದ ಎತ್ತಿನ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ದಲ್ಲಾಳಿ ತನ್ನ ಬಲಗೈಯ ಮೇಲೆ ಟವೆಲ್ ಹಾಸಿಕೊಳ್ಳುತ್ತಾನೆ. ಕೊಳ್ಳುವವನು ಅದರ ಕೆಳಗೆ ಕೈ ತೂರಿಸಿ ದಲ್ಲಾಳಿಯ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದನೋ ಅಷ್ಟು ದರ. ನಾಲ್ಕು ಹಿಡಿದರೆ ಮೇಲಿನ ದರ, ಎರಡು ಹಿಡಿದರೆ ಅದರ ಅರ್ಧ. ಸುತ್ತ ಊರು ತುಂಬ ಮಂದಿ ನಿಂತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಟವೆಲ್ ಮೇಲಿರುವ ತನಕ ಮಾತಾಡಬಾರದು. ತೆಗೆದ ಮೇಲೆ ಹಿಡಿದ ದರವನ್ನು ಯಾರ ಮುಂದೂ ಹೇಳಬಾರದು, ಕಟ್ಟಿಕೊಂಡ ಹೆಂಡತಿಯ ಮುಂದೂ. ಈ ಕೆಲಸವನ್ನು ಶಿವಯೋಗೀಶನ ಅಜ್ಜ ಮಾಡಿದ್ದ, ಅಪ್ಪ ಮಾಡಿದ್ದ. ಶಿವಯೋಗೀಶನಿಗೆ ಈಗ ಬೈರಿದೇವರಕೊಪ್ಪದಲ್ಲಿ ದನದ ಹಿಂಡಿಯ ದೊಡ್ಡ ಅಂಗಡಿ ಇದೆ, ಹೊಟ್ಟೆಪಾಡಿಗೆ ಸಂತೆ ಬೇಕಾಗಿಲ್ಲ. ಆದರೂ ಶನಿವಾರ ಬಂತೆಂದರೆ ಟವೆಲ್ ಹೆಗಲಿಗೇರುತ್ತಿತ್ತು. ಸಂತೆಯಲ್ಲಿ ಮುದುಕರೂ ಎದ್ದು ಜಾಗ ಬಿಡುತ್ತಿದ್ದರು. "ಶಿವಯೋಗೆಪ್ಪನ ಕೈ ಅಂದ್ರ ಕೈರಿ, ಅದು ಸುಳ್ಳು ಹೇಳೂದಿಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ಅವನಿಗೆ ರಾತ್ರಿ ಊಟವೂ ಬೇಕಾಗುತ್ತಿರಲಿಲ್ಲ.

ಇಂಥ ಬಂಗಾರದಂಥ ಬೆರಳಿಗೆ ಜೋಮು ತಂದದ್ದು ಸೈಕಲ್ಲು.

ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ, ಮೈ ಬಗ್ಗಿಸದಿದ್ದರೆ ಒಳಗೇ ಬರುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಶಿವಯೋಗೀಶ ವಾಕಿಂಗ್ ಹೋಗಿ ನೋಡಿದ. ದಾರಿಯುದ್ದಕ್ಕೂ ಗಿರಾಕಿಗಳು ನಿಲ್ಲಿಸಿ ಹಿಂಡಿಯ ದರ ಕೇಳಿದರು. ಆಮೇಲೆ ದಪ್ಪ ಗಾಲಿಯ ಸೈಕಲ್ ಕೊಂಡ, ಡಾಂಬರು ಬಿಟ್ಟು ಹೊಲದ ದಾರಿ ಹಿಡಿದ. ಅಲ್ಲಿ ಯಾರೂ ಯಾವುದರ ದರವನ್ನೂ ಕೇಳಲಿಲ್ಲ. ಬೆಳಗಿನ ತಂಪಿನಲ್ಲಿ ಎರೆಹೊಲಗಳ ನಡುವೆ, ಕುಸುಬೆಯ ವಾಸನೆಯಲ್ಲಿ, ಬೆವರು ಸುರಿಸುತ್ತ ಹೋಗುವಾಗ ಈ ನಲವತ್ತೆಂಟರ ಮನುಷ್ಯನಿಗೆ ಖುಷಿಯೋ ಖುಷಿ. ಒಬ್ಬನೇ ಇದ್ದಾಗ ಸಣ್ಣಗೆ ಸೀಟಿ ಕೂಡ ಹೊಡೆಯುತ್ತಿದ್ದ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತು. ಆದರೆ ದಾರಿಯಲ್ಲಿ ಕೇದಾರ ಸಿಕ್ಕ. ಕೇದಾರ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ಮೂವತ್ತರ ಹುಡುಗ, ಮತ್ತು 'ಎರಿಮಣ್ಣ ಬಳಗ' ಎಂಬ ಸೈಕಲ್ ಗುಂಪಿನ ಗುರು. ಸೈಕಲ್ಲಿಗೆ ಮುಂದೊಂದು ಹಿಂದೊಂದು ಚೀಲ ಬಿಗಿದು, ಅದರಲ್ಲಿ ಹಾಸಿಗೆ, ಡೇರೆ, ಅವಲಕ್ಕಿ ತುಂಬಿಕೊಂಡು ಕಾಡುದಾರಿಯಲ್ಲಿ ದಿನಗಟ್ಟಲೆ ಹೋಗುವುದು ಇವರ ಚಟ. ಅದಕ್ಕೆ ಬೈಕ್‌ಪ್ಯಾಕಿಂಗ್ ಎಂದು ಹೆಸರು. ಶಿವಯೋಗೀಶ ಮನೆಯಲ್ಲಿ ಆ ಹೆಸರು ಹೇಳಿದಾಗ ಹೆಂಡತಿ ಭಾಗ್ಯಶ್ರೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದ್ದಳು:

"ಮೂರ ಅಂತಸ್ತಿನ ಮನಿ ಕಟ್ಟಿಸಿ, ಗಂಟ ಹೊತ್ತಕೊಂಡು ಅಡವ್ಯಾಗ ಮಲಗೂದಕ್ಕ ಇಂಗ್ಲೀಷ್ನ್ಯಾಗ ಹಂಗ ಅಂತಾರೇನ್ರಿ?"

ಬಳಗ ದೀಪಾವಳಿ ಕಳೆದ ಮೇಲೆ ಕಲಘಟಗಿಯ ಕಡೆಯಿಂದ ದಾಂಡೇಲಿ ಕಾಡಿಗೆ ಹೊರಡುವುದಿತ್ತು. ಶಿವಯೋಗೀಶ ಹೆಸರು ಕೊಟ್ಟ. ಕೇದಾರ ಅವನ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮಠದ ಸ್ವಾಮಿಗಳಂತೆ ಕಣ್ಣು ಮುಚ್ಚಿ ಹೇಳಿದ:

"ಕಾಕಾ, ಉಳಿದದ್ದೆಲ್ಲಾ ಛಲೋ ಐತಿ. ಹ್ಯಾಂಡಲ್ ಸರಿ ಇಲ್ಲ."

ಅಲ್ಲಿಂದ ಶುರುವಾಯಿತು ನೋಡಿ. ಸೈಕಲ್ಲಿಗೆ ಇದ್ದದ್ದು ನೆಟ್ಟಗಿನ ಹ್ಯಾಂಡಲ್. ಅದು ಮಣಿಕಟ್ಟು ತಿರುಚುತ್ತದೆ ಎಂದ ಕೇದಾರ. ಅದನ್ನು ತೆಗೆಸಿ ಎತ್ತರದ ಹ್ಯಾಂಡಲ್ ಹಾಕಿಸಿದ್ದಾಯಿತು. ಅದರಿಂದ ಬೆನ್ನಿಗೆ ಹಿತವಾಯಿತು, ಆದರೆ ಅಷ್ಟರಲ್ಲಿ ಕೇದಾರ ಹೊಸದೇನನ್ನೋ ನೋಡಿ ಬಂದಿದ್ದ. ಈಗ ಬಳಗದವರೆಲ್ಲ ಡ್ರಾಪ್ ಹ್ಯಾಂಡಲ್, ಅಂದರೆ ಟಗರಿನ ಕೊಂಬಿನ ಹಾಗೆ ಕೆಳಗೆ ಸುತ್ತಿ ಹೊರಗೆ ಚಾಚಿದ್ದು. ಕೈಯಿಡಲು ಬೇಕಾದಷ್ಟು ಜಾಗ, ನೋಡಲು ಭಾರಿ ಠೀವಿ. ಶಿವಯೋಗೀಶನೂ ಹಾಕಿಸಿದ. ಅದನ್ನು ಹಿಡಿದು ಬಗ್ಗಿ ಕೂತಾಗ ಮೈಯ ಅರ್ಧ ಭಾರ ಅಂಗೈಯ ಹೊರ ಅಂಚಿನ ಮೇಲೆ ಬೀಳುತ್ತಿತ್ತು. ನಮ್ಮ ಹೊಲದ ದಾರಿಗಳು ಗೊತ್ತಲ್ಲ, ಮಳೆಗಾಲದಲ್ಲಿ ಚಕ್ಕಡಿ ತುಳಿದ ಎರೆಮಣ್ಣು ಆಮೇಲೆ ಕಲ್ಲಾಗಿ ಕೂತಿರುತ್ತದೆ. ಗಾಲಿ ಕುಣಿದಷ್ಟೂ ಅಂಗೈ ಕುಟ್ಟಿಸಿಕೊಳ್ಳಬೇಕು. ಉಂಗುರದ ಬೆರಳು, ಕಿರುಬೆರಳು ಮೊದಲು ಜುಮ್ಮೆಂದವು. ಆಮೇಲೆ ಜುಮ್ಮೆನ್ನುವುದನ್ನೂ ಬಿಟ್ಟವು.

"ಕೈ ಒಂದೀಟ ಹಿಡದಂಗ ಆಗತೈತಿ" ಎಂದು ಒಮ್ಮೆ ಸಣ್ಣಗೆ ಹೇಳಿದ್ದಕ್ಕೆ ಕೇದಾರ, "ರೂಢಿ ಆಗಬೇಕ ಕಾಕಾ, ಶರೀರಕ್ಕ ಟೈಮ್ ಕೊಡ್ರಿ" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹುಡುಗರು ನಕ್ಕಾರು ಎಂದು ಶಿವಯೋಗೀಶ ಮತ್ತೆ ಬಾಯಿ ತೆಗೆಯಲಿಲ್ಲ.

ಸೈಕಲ್ ಅಂಗಡಿಯ ಆಫ್ತಾಬನದು ಬೇರೆಯೇ ನಮೂನೆ. ಅವನು ಯಾವ ಗಿರಾಕಿಗೂ ಇಲ್ಲ ಎಂದವನಲ್ಲ. ಎತ್ತರದ್ದು ಹಾಕುವಾಗ "ಇದರಂಥಾದ್ದು ಇಲ್ಲರಿ ಸಾವ್ಕಾರ್ರ" ಎಂದಿದ್ದ. ಅದನ್ನು ತೆಗೆಯುವಾಗ "ಛಲೋ ಮಾಡಿದ್ರಿ, ಅದೇನ್ ಹ್ಯಾಂಡಲ್ಲಾ?" ಎಂದಿದ್ದ. ಒಂದು ದಿನ ಅವನೇ ಒಳಗಿನಿಂದ ಇನ್ನೊಂದನ್ನು ತಂದು ಮುಂದಿಟ್ಟ. ಎರಡೂ ತುದಿ ಹಿಂದಕ್ಕೆ, ಸವಾರನ ಕಡೆಗೇ ಬಾಗಿ ಬಂದಿದ್ದವು. ಶಿವಯೋಗೀಶ ಸುಮ್ಮನೆ ಹಿಡಿದು ನೋಡಿದ. ತೋಳು ಜೋತುಬಿಟ್ಟು ನಿಂತಾಗ ಅಂಗೈ ಹೇಗೆ ಒಳಗೆ ತಿರುಗಿರುತ್ತದೋ ಹಾಗೇ ಕೂತಿತು. ಆಹಾ ಎನಿಸಿತು. ಆ ಆಹಾ ಪೂರ್ತಿಯಾಗುವ ಮೊದಲೇ ಪಕ್ಕದಲ್ಲಿ ನಿಂತಿದ್ದ ಕೇದಾರ ಕಿಸಕ್ಕೆಂದು ನಕ್ಕ.

"ಕಾಕಾ, ಇದು ಹಾಲಿನವರ ಹ್ಯಾಂಡಲ್. ಎರಡೂ ಕಡೆ ಕ್ಯಾನ್ ತೂಗ ಹಾಕೂದೊಂದು ಬಾಕಿ."

ಶಿವಯೋಗೀಶ ಕೆಂಡ ಮುಟ್ಟಿದವನಂತೆ ಕೈ ತೆಗೆದ. "ಏ ಆಫ್ತಾಬ, ನನ್ನ ನೋಡಿದ್ರ ಹಾಲ ಹಾಕಾವನಂಗ ಕಾಣತೈತೇನ ನಿನಗ?" ಎಂದು ಜಬರಿಸಿದ. ಆಫ್ತಾಬ "ಖರೇ ಐತ್ರಿ, ನಿಮಗ ಒಪ್ಪೂದಿಲ್ಲ" ಎಂದ, ಹಾಗೆನ್ನುತ್ತಲೇ ಅದನ್ನು ಕಾಗದದಲ್ಲಿ ಸುತ್ತಿ ಅವನ ಚೀಲಕ್ಕೆ ತುರುಕಿದ, "ಇರಲಿ, ಒಯ್ದ ನೋಡ್ರಿ" ಎಂದ. ಮನೆಗೆ ಬಂದ ಆ ಹ್ಯಾಂಡಲ್ಲನ್ನು ಭಾಗ್ಯಶ್ರೀ ಹಿತ್ತಿಲ ಗೋಡೆಯ ಮೊಳೆಗೆ ನೇತುಹಾಕಿ, ಬೆಳ್ಳುಳ್ಳಿಯ ಗೊಂಚಲು ಕಟ್ಟಿದಳು. ಗಂಡ ತಂದ ಸಾಮಾನುಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ ಎಂದು ನೆರೆಮನೆಯವರಿಗೆ ಹೇಳಿದಳು.

ಆ ಶನಿವಾರ ಶಿವಯೋಗೀಶ ಮಾಡಬಾರದ ತಪ್ಪು ಮಾಡಿದ. ನಸುಕಿಗೆ ಬಳಗದ ಜೊತೆ ಹೊಲದ ದಾರಿಯಲ್ಲಿ ದೂರದ ತನಕ ಹೋಗಿ, ವಾಪಸ್ ಬರುವುದು ತಡವಾಗಿ, ಮನೆಗೂ ಹೋಗದೆ ನೆಟ್ಟಗೆ ಸಂತೆಗೆ ಬಂದ. ಚೀಲದಲ್ಲಿದ್ದ ಪಂಚೆಯನ್ನು ಚಡ್ಡಿಯ ಮೇಲೆ ಸುತ್ತಿಕೊಂಡ, ಟವೆಲ್ ಹೆಗಲಿಗೆ ಹಾಕಿದ. ಬಲಗೈಯ ಕಡೆಯ ಎರಡು ಬೆರಳು ಯಾರದೋ ಬೆರಳಿನಂತಿದ್ದವು.

ಕುಂದಗೋಳದ ಕಡೆಯ ರೈತನೊಬ್ಬ ಒಂದು ಜೋಡಿ ಎತ್ತು ತಂದಿದ್ದ. ಬಿಳಿ ಮೈ, ಎಳೆ ಹಲ್ಲು, ತಿದ್ದಿದಂಥ ಕೋಡು. ನೋಡಿದವರು ಕಣ್ಣು ಕೀಳದಂಥ ಜೋಡಿ. ಅದನ್ನು ನೋಡಿ ಮುಂದೆ ಬಂದವನು ಶಿರಗುಪ್ಪಿಯ ಬಸಣ್ಣ.

ಬಸಣ್ಣ ಅಂದರೆ ಯಾರೋ ಗಿರಾಕಿ ಅಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು, ಒಬ್ಬರ ಮದುವೆಯಲ್ಲಿ ಒಬ್ಬರು ಓಡಾಡಿದವರು. ಸಂತೆಯಲ್ಲಿ ಅವರದು ಒಂದು ನೇಮ: ಚೌಕಾಸಿ ಇಲ್ಲ. ಬಸಣ್ಣ ಟವೆಲ್ಲಿನ ಕೆಳಗೆ ಒಮ್ಮೆ ಹಿಡಿದನೆಂದರೆ ಅದೇ ಅವನ ಮೊದಲನೆಯ ಮಾತು, ಅದೇ ಕೊನೆಯದು. ಶಿವಯೋಗೀಶ ಹೂಂ ಅನ್ನಬೇಕು ಇಲ್ಲವೇ ಊಹೂಂ ಅನ್ನಬೇಕು. ಎಷ್ಟೋ ವರ್ಷದಿಂದ ಹೂಂ ಎಂದೇ ಬಂದಿತ್ತು.

ಬಸಣ್ಣ ನಗುತ್ತ ಕೈ ತೂರಿಸಿ ಹಿಡಿದ. ಶಿವಯೋಗೀಶನಿಗೆ ತೋರುಬೆರಳು ತಿಳಿಯಿತು, ನಡುಬೆರಳು ತಿಳಿಯಿತು. ಅಷ್ಟೇ. ಎರಡು! ಇಂಥ ಎತ್ತಿಗೆ ಎರಡು! ಬೇರೆ ಯಾರಾದರೂ ಹಿಡಿದಿದ್ದರೆ ಚೌಕಾಸಿ ಎಂದು ನಕ್ಕು ಬಿಡುತ್ತಿದ್ದ. ಬಸಣ್ಣ ಹಿಡಿದನೆಂದರೆ ಅದು ತನ್ನ ಕೈಯನ್ನೇ ಚೇಷ್ಟೆ ಮಾಡಿದಂತೆ, ಎಲ್ಲರ ಮುಂದೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಸಿಟ್ಟು ನೆತ್ತಿಗೇರಿತು. ಟವೆಲ್ ಕಿತ್ತು ಜಾಡಿಸಿದ.

"ಲೇ ಬಸ್ಯಾ, ಎತ್ತ ಕೊಳ್ಳಾಕ ಬಂದಿಯೋ ಕುರಿಮರಿ ಕೊಳ್ಳಾಕ ಬಂದಿಯೋ? ನಾಚಿಗಿ ಬರೂದಿಲ್ಲೇನ ನಿನಗ?"

ಸಂತೆಯ ಮಂದಿ ತಿರುಗಿ ನೋಡಿದರು. ಬಸಣ್ಣನ ಮುಖ ಕಪ್ಪಿಟ್ಟಿತು. ಅವನು ಹಿಡಿದದ್ದು ನಾಲ್ಕು ಬೆರಳು, ಆ ದಿನದ ಸಂತೆಯಲ್ಲಿ ಯಾರೂ ಹಿಡಿಯದಷ್ಟು. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ, ಪದ್ಧತಿ ಕೊರಳು ಹಿಡಿದಿತ್ತು.

"ಅಷ್ಟೂ ಕಡಿಮಿ ಆತೇನೋ ನಿನಗ?" ಎಂದ ಬಸಣ್ಣ. ದನಿ ನಡುಗುತ್ತಿತ್ತು. "ದೊಡ್ಡಾಂವಾದಿ ಬಿಡು. ಇವತ್ತಿಗೆ ನನ್ನ ನಿನ್ನ ಲೆಕ್ಕ ಮುಗೀತು."

ಅವನು ಹೋದ. ಎತ್ತಿನ ಒಡೆಯ ಜಗಳದ ಜಾಗದಲ್ಲಿ ವ್ಯಾಪಾರ ಬೇಡ, ಅಪಶಕುನ ಎಂದು ಎತ್ತು ಹೊಡೆದುಕೊಂಡು ಊರಿಗೆ ಹೋದ. ಶಿವಯೋಗೀಶ ಮಾತ್ರ ಮೂರು ದಿನ ಮನೆಯಲ್ಲಿ ಬಸಣ್ಣನ ಏಳು ತಲೆಮಾರು ಎತ್ತಿ ಬೈದ. ಯಾಕೆ ಎಂದು ಭಾಗ್ಯಶ್ರೀ ಕೇಳಿದರೆ "ಹೇಳಾಕ ಬರೂದಿಲ್ಲ" ಎನ್ನುತ್ತಿದ್ದ.

ಸತ್ಯ ಒಲೆಯ ಮುಂದೆ ಬಯಲಾಯಿತು. ಭಾಗ್ಯಶ್ರೀ ರೊಟ್ಟಿ ಸುಡುತ್ತಿದ್ದಳು. ಶಿವಯೋಗೀಶ ಪಕ್ಕದಲ್ಲಿ ನಿಂತು, ಹಂಚಿನಿಂದಲೇ ರೊಟ್ಟಿ ಎತ್ತಿಕೊಳ್ಳುತ್ತ, ಬಸಣ್ಣನನ್ನು ಬೈಯುತ್ತಿದ್ದ. ಬೈಗುಳದ ಭರದಲ್ಲಿ ಕಿರುಬೆರಳು ಹಂಚಿಗೆ ಒತ್ತಿ ಕೂತಿತ್ತು. ಚರ್ಮ ಸುಟ್ಟ ವಾಸನೆ ಬಂತು. ಅವನು ಬೈಯುತ್ತಲೇ ಇದ್ದ.

"ಏನ್ರಿ! ಕೈ! ಕೈ ತಗೀರಿ!" ಎಂದು ಅವಳೇ ಕಿರುಚಿ ಎಳೆದಳು. ಬೆರಳ ಮೇಲೆ ಬೊಬ್ಬೆ ಎದ್ದಿತ್ತು. "ಸುಟ್ಟದ್ದು ಗೊತ್ತಾಗಲಿಲ್ಲೇನ್ರಿ ನಿಮಗ?"

"ಎಲ್ಲೆ, ಏನಾಗೇತಿ? ಏನೂ ಇಲ್ಲ ತಗೋ."

ಭಾಗ್ಯಶ್ರೀ ದಲ್ಲಾಳಿ ಮನೆಗೆ ಸೊಸೆಯಾಗಿ ಬಂದವಳು. ಗಂಡನ ಕಣ್ಣನ್ನೊಮ್ಮೆ ನೋಡಿದಳು, ಬೆರಳನ್ನೊಮ್ಮೆ ನೋಡಿದಳು. ಒಲೆ ಸಣ್ಣ ಮಾಡಿ, ಸೆರಗನ್ನು ಅವನ ಕೈಮೇಲೆ ಹಾಸಿ, ಕೆಳಗೆ ತನ್ನ ಕೈ ತೂರಿಸಿದಳು.

"ಹೇಳ್ರಿ. ಎಷ್ಟು ಹಿಡದೇನಿ?"

"ಹುಚ್ಚಿಯಂಗ ಮಾಡಬ್ಯಾಡ. ಎರಡು."

ಅವಳು ಸೆರಗು ಸರಿಸಿದಳು. ಅವಳ ಮುಷ್ಟಿಯಲ್ಲಿ ನಾಲ್ಕೂ ಬೆರಳಿದ್ದವು.

ಶಿವಯೋಗೀಶ ನೋಡುತ್ತ ನಿಂತ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ಇವನಿಗೆ ಅಂಗೈ ತೋರಿಸಲು ಹೆಂಡತಿಯೇ ಬೇಕಾಯಿತು. ಬಸಣ್ಣನ ನಡುಗುವ ದನಿ ನೆನಪಾಯಿತು. "ಯವ್ವಾ, ಅಂವಾ ನಾಕ ಹಿಡಿದಿದ್ದ ಭಾಗ್ಯಾ" ಎಂದ. ದಲ್ಲಾಳಿಯಾದ ಮೇಲೆ ಟವೆಲ್ಲಿನ ಕೆಳಗಿನ ದರ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿ ಅಲ್ಲೇ ಮಣೆಯ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು ಬಂತು.

ಡಾಕ್ಟರು ಅಂಗೈಯ ಅಂಚನ್ನು ಒತ್ತಿ ನೋಡಿದರು. ಇಲ್ಲಿ ನರದ ಮೇಲೆ ಭಾರ ಬೀಳುತ್ತಿದೆ, ಹ್ಯಾಂಡಲ್ ಬದಲಿಸಿ ಇಲ್ಲವೇ ಸೈಕಲ್ ಬಿಡಿ ಎಂದರು. ಸೈಕಲ್ ಬಿಡುವ ಮಾತು ಬಂದಾಗ ಶಿವಯೋಗೀಶ ಔಷಧ ಬೇಡವೆನ್ನುವ ಮಗುವಿನಂತೆ ಮುಖ ಮಾಡಿದ. ಮನೆಗೆ ಬಂದ ಮೇಲೆ ಭಾಗ್ಯಶ್ರೀ ಹಿತ್ತಿಲಿಗೆ ಹೋಗಿ ಬೆಳ್ಳುಳ್ಳಿ ಬಿಚ್ಚಿ, ಹ್ಯಾಂಡಲ್ ತಂದು ಮುಂದೆ ಒಗೆದಳು.

"ಇದನ್ನ ಹಾಕಿಸಿಕೊಂಡ ಬರ್ರಿ. ಇಲ್ಲಾಂದ್ರ ನಾನ ಆ ಸೈಕಲ್ ಗುಜರಿಗೆ ಹಾಕತೇನಿ."

"ಹಾಲಿನವರ ಹ್ಯಾಂಡಲ್ ಅಂತಾರ..."

"ಹಾಲಿನವರ ಕೈಯಾದ್ರೂ ನೆಟ್ಟಗದಾವಲ್ಲ!"

ಆಫ್ತಾಬ "ನಾ ಅವತ್ತ ಹೇಳಿದ್ನಲ್ರಿ" ಎನ್ನುತ್ತ ಹಾಕಿಕೊಟ್ಟ. ಬೆಳ್ಳುಳ್ಳಿಯ ವಾಸನೆ ಹೋಗಲು ವಾರ ಹಿಡಿಯಿತು. ಬಳಗದವರು "ಕಾಕಾ, ಅರ್ಧಾ ಲೀಟರ್ ಹಾಕಿ ಹೋಗ್ರಿ" ಎಂದರು, ಕೇದಾರ ಕೈಯಲ್ಲಿ ಲೋಟ ಹಿಡಿದಂತೆ ನಟಿಸಿದ. ಶಿವಯೋಗೀಶ ಹಲ್ಲು ಕಚ್ಚಿ ತುಳಿದ. ಆದರೆ ಖರೇ ಹೇಳಬೇಕೆಂದರೆ ಆ ಹ್ಯಾಂಡಲ್ ಹಿಡಿದಾಗ ಭುಜ ಇಳಿಯುತ್ತಿತ್ತು, ಮಣಿಕಟ್ಟು ನೆಟ್ಟಗಾಗುತ್ತಿತ್ತು, ಕುತ್ತಿಗೆ ಎತ್ತಿ ಹೊಲ ನೋಡಬಹುದಿತ್ತು. ಬಾಗಿದ ಎರಡು ತುದಿಗಳ ನಡುವೆ ಚೀಲ ಕೂಡ ಒಪ್ಪವಾಗಿ ಕೂಡುತ್ತಿತ್ತು. ಕೆಲವು ವಾರಗಳಲ್ಲಿ ಉಂಗುರದ ಬೆರಳು ಎಚ್ಚರಾಯಿತು, ಆಮೇಲೆ ಕಿರುಬೆರಳು. ಅಷ್ಟು ದಿನ ಶಿವಯೋಗೀಶ ಸಂತೆಗೆ ಹೋಗಲಿಲ್ಲ. ಹಿಂಡಿಯ ಅಂಗಡಿಯಲ್ಲಿ ಕೆಲಸ ಹೆಚ್ಚಾಗಿದೆ ಎಂದು ಹೇಳಿ ಕಳಿಸಿದ.

ಇನ್ನೊಂದು ತಮಾಷೆ ಆಯಿತು. ಯಾವುದೋ ದೇಶದ ಗಡ್ಡದವನೊಬ್ಬ ಇಂಥದೇ ಹ್ಯಾಂಡಲ್ ಹಾಕಿಕೊಂಡು ಮರುಭೂಮಿ ದಾಟಿದ ವಿಡಿಯೊ ಬಳಗದ ಗ್ರೂಪಿನಲ್ಲಿ ಬಂತು. ಮರುವಾರವೇ ಕೇದಾರ ಅದನ್ನು ಹಾಕಿಸಿಕೊಂಡು ಬಂದ. "ಕಾಕಾ, ಇದರ ಹಿಂದ ದೊಡ್ಡ ಸೈನ್ಸ್ ಐತಿ" ಎಂದು ಶಿವಯೋಗೀಶನಿಗೇ ಅರ್ಧ ದಾರಿ ತನಕ ತಿಳಿಸಿ ಹೇಳಿದ. ಶಿವಯೋಗೀಶ "ಹೌದೇನಪಾ" ಎನ್ನುತ್ತ ಕೇಳಿದ. ಹಾಲಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಕೈಗೆ ಜೀವ ಬಂದ ಮೇಲೆ ಅವನಿಗೆ ಒಂದೇ ಚಿಂತೆ: ಬಸಣ್ಣ. ಫೋನ್ ಹಚ್ಚಿದರೆ ಎತ್ತುತ್ತಿರಲಿಲ್ಲ. ಹೋಗಿ ಕಾಲು ಹಿಡಿದಾದರೂ ಸರಿ ಮಾಡಿಕೊಳ್ಳಬೇಕು ಎಂದು ಒಂದು ಬೆಳಿಗ್ಗೆ ಶಿರಗುಪ್ಪಿಯ ಕಡೆ ಸೈಕಲ್ ತಿರುಗಿಸಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿದ. ಬೆರಳು ಸತ್ತಿದ್ದವು, ಹೀಗಾಗಿ ನಾಲ್ಕು ಹಿಡಿದದ್ದು ಎರಡು ಅನಿಸಿತು, ಈಗ ಹ್ಯಾಂಡಲ್ ಬದಲಿಸಿದ್ದೇನೆ, ಬೆರಳು ಸರಿಯಾಗಿವೆ, ತಪ್ಪಾಯಿತು. ಇಷ್ಟು ಹೇಳಿದರೆ ಮುಗಿಯಿತು. ಸುಳ್ಳೇ ಇಲ್ಲ, ಹೆದರಿಕೆ ಯಾಕೆ?

ಬಸಣ್ಣ ಕಟ್ಟೆಯ ಮೇಲೆ ಕೂತಿದ್ದ. ಬಾ ಎನ್ನಲಿಲ್ಲ. ಅವನ ಹೆಂಡತಿ ಸಂಗವ್ವ ಮಾತ್ರ "ಬರ್ರಿ ಅಣ್ಣಾರ, ಬಿಸಲಾಗ ಬಂದೀರಿ, ಕುಂದರ್ರಿ" ಎಂದು ನೀರಿನ ತಂಬಿಗೆ ಇಟ್ಟು ಒಳಗೆ ಚಹಾ ಮಾಡಲು ಹೋದಳು.

"ಬಸಣ್ಣಾ, ಅವತ್ತ ನನ್ನ ಬೆರಳಿಗೆ ಸ್ಪರ್ಶ ಇರಲಿಲ್ಲೋ" ಎಂದು ಶಿವಯೋಗೀಶ ಶುರು ಮಾಡಿದ. "ಸೈಕಲ್ ಹೊಡದ ಹೊಡದ ಕಡೀಕಿನ ಎರಡು ಬೆರಳು ಸತ್ತಬಿಟ್ಟಿದ್ದವು. ನೀ ಎಷ್ಟ ಹಿಡದಿ ಅನ್ನೂದ ನನಗ ಗೊತ್ತಾಗಲಿಲ್ಲ."

ಬಸಣ್ಣ ನಕ್ಕ. ಆ ನಗೆ ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ಛಲೋ ಕತಿ ಕಟ್ಟಿದಿ. ನಮ್ಮಪ್ಪ ಸಾಯೂತನಾ ಸೈಕಲ್ ತುಳದಾ, ಹಿಂದ ಎರಡು ಚೀಲ ಜ್ವಾಳ ಹೇರಿಕೊಂಡು. ಅವನ ಬೆರಳು ಸಾಯಲಿಲ್ಲ. ನೀ ಷೋಕಿಗೆ ತುಳದರ ಸತ್ತವು! ಅಲ್ಲೋ, ಮಂದಿ ಮುಂದ ಮಾನ ತಗದಿ, ಈಗ ಮನಿಗೆ ಬಂದು ಹುಚ್ಚನ್ನ ಮಾಡತಿಯೇನ?"

"ದೇವರಾಣಿ ಖರೇನೋ! ಈಗ ಏನಾಗೇತಂದ್ರ..."

"ಮಾತ ಬ್ಯಾಡ. ಇಲ್ಲೇ ಕೈ ಕೊಡು, ನೋಡೇಬಿಡೋಣ." ಬಸಣ್ಣ ಹೆಗಲ ಮೇಲಿನ ಟವೆಲ್ಲನ್ನು ಅವನ ಕೈಮೇಲೆ ಬೀಸಿ ಹಾಕಿದ.

ಟವೆಲ್ ಬಿದ್ದ ಮೇಲೆ ಮಾತಾಡುವಂತಿಲ್ಲ. ಶಿವಯೋಗೀಶನ ಬಾಯಿ ತೆರೆದದ್ದು ತೆರೆದಂತೇ ಉಳಿಯಿತು. ಈಗ ಬೆರಳು ಸರಿಯಾಗಿವೆ ಎಂಬ ಅರ್ಧ ಮಾತು ಗಂಟಲಲ್ಲೇ ಇತ್ತು. ಬಸಣ್ಣನ ಕೈ ಒಳಗೆ ಬಂತು, ತಡಕಾಡಿ, ಕಡೆಯ ಎರಡು ಬೆರಳನ್ನಷ್ಟೇ ಹಿಡಿಯಿತು. ಗಟ್ಟಿಯಾಗಿ, ಉಗುರು ಊರುವಷ್ಟು. ಶಿವಯೋಗೀಶನಿಗೆ ಎಲ್ಲವೂ ತಿಳಿಯಿತು. ಒರಟು ಅಂಗೈ ತಿಳಿಯಿತು, ಹೆಬ್ಬೆರಳಿನ ಸೀಳು ತಿಳಿಯಿತು, ಊರಿದ ಉಗುರೂ ತಿಳಿಯಿತು. ಇಷ್ಟು ಚೆನ್ನಾಗಿ ಅವನ ಬೆರಳಿಗೆ ಎಂದೂ ತಿಳಿದಿರಲಿಲ್ಲ.

ಬಸಣ್ಣ ಅವನ ಮುಖವನ್ನೇ ನೋಡುತ್ತ, "ಈಗ ಹೇಳು, ಎಷ್ಟ ಹಿಡದೇನಿ?" ಎಂದ. ಎರಡು ಎಂದರೆ ಖರೇ. ಎರಡು ಎಂದರೆ ಬೆರಳು ಜೀವಂತ. ಜೀವಂತ ಬೆರಳಿಟ್ಟುಕೊಂಡು ಅಂದು ಬೇಕೆಂತಲೇ ಮಾನ ಕಳೆದ ಎಂದಾಯಿತು. ಆಮೇಲೆ ಹ್ಯಾಂಡಲ್ಲಿನ ಪುರಾಣ ಹೇಳಿದರೆ ಯಾವ ಬಸಣ್ಣ ನಂಬುತ್ತಾನೆ? ಅಜ್ಜನ ಕಾಲದಿಂದ ಈ ಮನೆತನದಲ್ಲಿ ಟವೆಲ್ಲಿನ ವಿಷಯದಲ್ಲಿ ಸುಳ್ಳು ಹೇಳಿದವರಿಲ್ಲ. ಶಿವಯೋಗೀಶ ಶಿವಾ ಎಂದು ಕಣ್ಣು ಮುಚ್ಚಿ, ಖರೇ ಮಾತನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ.

"ಹಿಡಿಯೋ ಮತ್ತ. ಯಾಕ ಸುಮ್ನ ಕುಂತಿ?"

ಬಸಣ್ಣನ ಮುಖ ನೋಡುವಂತಿರಲಿಲ್ಲ. ಸಿಟ್ಟು ಒಮ್ಮೆಗೇ ಇಳಿದು, ಅದರ ಜಾಗದಲ್ಲಿ ಏನೋ ಬಂದು, ತುಟಿ ಅದುರಿತು. ಟವೆಲ್ ಸರಿಸಿದ. ತಾನು ಹಿಡಿದೇ ಇದ್ದ ಆ ಎರಡು ಬೆರಳುಗಳನ್ನು ನೋಡಿದ.

"ಅಯ್ಯೋ ಶಿವ್ಯಾ! ನಿನ್ನ ಕೈ ಹೋತಲ್ಲೋ!" ಎಂದು ಗಟ್ಟಿಯಾಗಿ ತಬ್ಬಿಕೊಂಡು, ಹೆಣದ ಮುಂದೆ ಅತ್ತಂತೆ ಅತ್ತ. "ನಿನಗ ನಾ ಏನೇನ್ ಬೈದ್ನೋ, ನನ್ನ ನಾಲಿಗಿ ಸೇದಿ ಹೋಗಲಿ!"

ಶಿವಯೋಗೀಶನೂ ಅತ್ತ. ಗೆಳೆಯ ಸಿಕ್ಕ ಸಂತೋಷಕ್ಕೋ, ಹೇಳಿದ ಸುಳ್ಳಿಗೋ, ಅವನಿಗೇ ತಿಳಿಯಲಿಲ್ಲ. ಚಹಾ ತಂದ ಸಂಗವ್ವ ಬಾಗಿಲಲ್ಲೇ ನಿಂತಳು. "ಯಾರ ಮುಂದೂ ಹೇಳಬ್ಯಾಡೋ" ಎಂದ ಶಿವಯೋಗೀಶ. "ಸತ್ತರೂ ಹೇಳೂದಿಲ್ಲ" ಎಂದು ಬಸಣ್ಣ ಅವನ ತಲೆ ಮುಟ್ಟಿ ಆಣೆ ಮಾಡಿದ. ಮತ್ತು ಖರೇನೇ ಯಾರಿಗೂ ಹೇಳಲಿಲ್ಲ. ಸಂಗವ್ವ ಆಣೆ ಮಾಡಿರಲಿಲ್ಲ.

ಮುಂದಿನ ಶನಿವಾರ ಶಿವಯೋಗೀಶ ಸಂತೆಗೆ ಬಂದ. ಹೊಸ ಟವೆಲ್, ಹಗುರ ಮೈ. ಕೈಯಲ್ಲಿ ಜೋಮಿನ ಸುಳಿವೂ ಇರಲಿಲ್ಲ. ಅವನನ್ನು ನೋಡಿ ಮುದುಕರು ಎಂದಿನಂತೆ ಎದ್ದು ಜಾಗ ಬಿಟ್ಟರು. ಎಂದಿಗಿಂತ ತುಸು ಹೆಚ್ಚೇ ಬೇಗ ಎದ್ದರು. ಒಬ್ಬರು ಭುಜ ಹಿಡಿದು ಕೂರಿಸಿದರು. ಇನ್ನೊಬ್ಬರು ಚಹಾದ ಲೋಟವನ್ನು ಅವನ ಎಡಗೈಗೇ ಕೊಟ್ಟರು. ಅವನಿಗೆ ಆಗಲೇ ಸಂಶಯ ಬಂತು.

ಮೊದಲ ಗಿರಾಕಿ ಬಂದ. ಶಿವಯೋಗೀಶ ಟವೆಲ್ ಹಾಸಿ ಕೈ ಚಾಚಿದ. ಗಿರಾಕಿ ಕೈ ತೂರಿಸಲಿಲ್ಲ. ಬಗ್ಗಿ, ಕಿವಿಯ ಹತ್ತಿರ ಬಾಯಿ ತಂದು, ಮೆಲ್ಲಗೆ ದರ ಹೇಳಿದ.

"ಕೈ ಹಿಡಿದ ಹೇಳ್ರಿ" ಎಂದ ಶಿವಯೋಗೀಶ.

"ಇರಲಿ ಬಿಡ್ರಿ ಯಜಮಾನ್ರ, ಯಾಕ ತ್ರಾಸ ತಗೋತೀರಿ?" ಎಂದ ಅವನು, ಮರ್ಯಾದೆಯಿಂದ. ಎರಡನೆಯವನೂ ಹಾಗೇ ಮಾಡಿದ. ಮೂರನೆಯವನು ಬರಲೇ ಇಲ್ಲ, ನಮಸ್ಕಾರ ಮಾಡಿ, ಆಚೆ ನಿಂತಿದ್ದ ಹನಮೇಶನ ಟವೆಲ್ಲಿನ ಕಡೆ ಹೋದ. ಹನಮೇಶ ನಿನ್ನೆ ಮೊನ್ನೆ ದಲ್ಲಾಳಿಯಾದವನು. ಒಬ್ಬರೂ ಕೆಟ್ಟ ಮಾತಾಡಲಿಲ್ಲ, ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಎದ್ದು ನಿಂತು "ನನ್ನ ಬೆರಳು ನೆಟ್ಟಗದಾವ, ಬೇಕಾದ್ರ ನೋಡ್ರಿ!" ಎಂದು ಕೂಗಬೇಕೆನಿಸಿತು. ಕೂಗಿದರೆ ಬಸಣ್ಣನ ಕಿವಿಗೂ ಬೀಳುತ್ತದೆ.

ಬಸಣ್ಣ ಅಷ್ಟರಲ್ಲಿ ಬಂದೇಬಿಟ್ಟ. ನಿಂತು ನೋಡಿದ, ಎಲ್ಲ ಅರ್ಥವಾಯಿತು. ಅವನ ಕಣ್ಣು ಕೆಂಪಾದವು. ಯಾರನ್ನೂ ಕೇಳದೆ ಬಂದು ಶಿವಯೋಗೀಶನ ಪಕ್ಕದಲ್ಲಿ ಅಂಟಿ ಕೂತ, ಟವೆಲ್ಲಿನ ಕೆಳಗೆ ತನ್ನ ಬಲಗೈ ಇಟ್ಟ.

"ಬರ್ರಿ!" ಎಂದು ಸಂತೆಗೆ ಕೇಳುವಂತೆ ಕೂಗಿದ. "ದಲ್ಲಾಳಿ ಇಂವನ! ಕೈ ಅಷ್ಟ ನಂದು! ನೀವು ನನ್ನ ಬೆರಳ ಹಿಡೀರಿ, ನಾ ಇವನ ಕಿವ್ಯಾಗ ಹೇಳತೇನಿ!"

ಜನ ಬಂದರು. ಬಸಣ್ಣನ ಬೆರಳು ಹಿಡಿದರು. ಬಸಣ್ಣ ಕಿವಿಯಲ್ಲಿ ಹೇಳಿದ, ಶಿವಯೋಗೀಶ ಹೂಂ ಎಂದ, ಊಹೂಂ ಎಂದ. ಇಂಥ ಗೆಳೆತನ ಯಾರಿಗೆ ಸಿಕ್ಕೀತು ಎಂದು ಮುದುಕರು ಕಣ್ಣೊರೆಸಿಕೊಂಡರು. ಗಿರಾಕಿಗಳು ತೆರಪಾದಾಗ ಬಸಣ್ಣ ತನ್ನ ಎಡಗೈಯಿಂದ ಶಿವಯೋಗೀಶನ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡ. ಆ ಕಡೆಯ ಎರಡು ಬೆರಳುಗಳನ್ನು ಬುಡದಿಂದ ತುದಿಯವರೆಗೆ ಒತ್ತಿ ತಿಕ್ಕತೊಡಗಿದ. ಬಿಸಿ ಕೈ, ಬೆವರಿದ ಕೈ.

"ಒಂಚೂರರ ಗೊತ್ತಾಗತೈತೇನೋ?" ಎಂದು ಕೇಳಿದ.

"ಇಲ್ಲ" ಎಂದ ಶಿವಯೋಗೀಶ.